ಅರ್ಥ ಬೇರೆ, ಅಕ್ಷರ ಬೇರೆ: ಜೈನ ಶಾಸ್ತ್ರಗಳಲ್ಲಿ ಶಬ್ದದ ಲೆಕ್ಕಾಚಾರ



ರಜೆಯಲ್ಲಿ ಮಕ್ಕಳಿಗೆ ಣಮೋಕಾರ ಮಹಾಮಂತ್ರ ಹೇಳಿಕೊಡುವಾಗ ಒಬ್ಬ ಹುಡುಗ ಕೇಳಿದ: "ಅಜ್ಜಾ, ಅರ್ಥ ಗೊತ್ತಿದ್ದರೆ ಸಾಕಲ್ಲ, ನಮೋ ಅಂದರೇನು, ಣಮೋ ಅಂದರೇನು?" ಪಕ್ಕದಲ್ಲಿದ್ದ ಹುಡುಗಿ ತಿರುಗಿಸಿ ಕೇಳಿದಳು: "ನಮ್ಮ ಅಜ್ಜಿಗೆ ಅರ್ಥವೇ ಗೊತ್ತಿಲ್ಲ, ದಿನಾ ಹೇಳುತ್ತಾರೆ. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ?" ಎರಡೂ ಒಳ್ಳೆಯ ಪ್ರಶ್ನೆಗಳು. ಆ ದಿನ ನಾನು ಕೊಟ್ಟ ಉತ್ತರ ನನಗೇ ಸಮಾಧಾನವಾಗಲಿಲ್ಲ. ಆಮೇಲೆ ಮನೆಯಲ್ಲಿದ್ದ ಗ್ರಂಥಗಳನ್ನು ತೆಗೆದು ನೋಡಿದೆ. ನಮ್ಮ ಆಚಾರ್ಯರು ಮಾತಿನ ಅರ್ಥವನ್ನು ಬದಿಗಿಟ್ಟು ಅದರ ಧ್ವನಿ ಮತ್ತು ಅಕ್ಷರಗಳನ್ನೇ ಎಷ್ಟು ಆಳವಾಗಿ ವಿಚಾರ ಮಾಡಿದ್ದಾರೆ ಎಂಬುದನ್ನು ಎಲ್ಲರಿಗೂ ತಿಳಿಸಬೇಕೆನಿಸಿತು. ನಾನು ಪಂಡಿತನಲ್ಲ, ವ್ಯಾಪಾರಿ. ಓದಿ ತಿಳಿದದ್ದನ್ನು ಒಂದೆಡೆ ಸೇರಿಸಿದ್ದೇನೆ.

ಶಬ್ದ ಒಂದು ವಸ್ತು

ಶಬ್ದವೆಂದರೆ ಆಕಾಶದ ಗುಣ ಎಂದು ನ್ಯಾಯ ವೈಶೇಷಿಕರು ಹೇಳುತ್ತಾರೆ. ಜೈನ ಸಿದ್ಧಾಂತ ಇದನ್ನು ಒಪ್ಪುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 5ನೇ ಅಧ್ಯಾಯದ 24ನೇ ಸೂತ್ರ ಶಬ್ದವನ್ನು ಪುದ್ಗಲದ ಪರ್ಯಾಯಗಳಲ್ಲಿ ಮೊದಲನೆಯದಾಗಿ ಎಣಿಸುತ್ತದೆ. ಕತ್ತಲೆ, ನೆರಳು, ಬಿಸಿಲು, ಬೆಳಕು ಕೂಡ ಅದೇ ಪಟ್ಟಿಯಲ್ಲಿವೆ. ಅಂದರೆ ನಾವಾಡುವ ಮಾತು ಅರ್ಥವಾಗುವುದಕ್ಕೆ ಮೊದಲೇ ಒಂದು ಭೌತಿಕ ವಸ್ತು. ಗೋಡೆಗೆ ಬಡಿದು ಹಿಂದಿರುಗುತ್ತದೆ, ಗಾಳಿಯ ದಿಕ್ಕಿಗೆ ಹೆಚ್ಚು ದೂರ ಸಾಗುತ್ತದೆ. ತದಡಿಯಲ್ಲಿ ಅಘನಾಶಿನಿಯ ಈಚೆ ದಡದಲ್ಲಿ ನಿಂತು ಆಚೆ ದಡದವರನ್ನು ಕೂಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತು ತಿಳಿಯದಿದ್ದರೂ ಕೂಗು ತಲುಪಿರುತ್ತದೆ.

ಆ ಸೂತ್ರಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಶಬ್ದದ ಭೇದಗಳನ್ನು ವಿವರಿಸಿದ್ದಾರೆ. ಭಾಷಾರೂಪದ್ದು ಒಂದು, ಭಾಷಾರೂಪವಲ್ಲದ್ದು ಇನ್ನೊಂದು. ಭಾಷಾರೂಪದ್ದರಲ್ಲಿ ಅಕ್ಷರ ಸಹಿತವಾದದ್ದು ಮನುಷ್ಯರ ಮಾತು, ಅಕ್ಷರವಿಲ್ಲದ್ದು ಎರಡು ಇಂದ್ರಿಯ ಮೊದಲಾದ ಜೀವಿಗಳ ಧ್ವನಿ. ಭಾಷೆಯಲ್ಲದ ಶಬ್ದದಲ್ಲಿ ಗುಡುಗಿನಂತೆ ತಾನಾಗಿ ಹುಟ್ಟುವುದು ಒಂದು ಬಗೆ. ಪ್ರಯತ್ನದಿಂದ ಹುಟ್ಟುವುದರಲ್ಲಿ ನಾಲ್ಕು: ಚರ್ಮವಾದ್ಯದ್ದು ತತ, ತಂತಿಯದ್ದು ವಿತತ, ತಾಳ ಮತ್ತು ಗಂಟೆಯದ್ದು ಘನ, ಶಂಖ ಮತ್ತು ಕೊಳಲಿನದ್ದು ಸೌಷಿರ.

ಈ ವಿಚಾರ ಕನ್ನಡ ವ್ಯಾಕರಣಕ್ಕೂ ಬಂದಿದೆ. ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಜೈನ. ಜೀವನ ಇಚ್ಛೆಯಿಂದ, ನಾಭಿಯ ಮೂಲದಿಂದ ಎದ್ದ ಗಾಳಿಯ ಸಹಾಯದಿಂದ ಕಹಳೆಯ ಧ್ವನಿಯಂತೆ ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದು ಆತ ಹೇಳುತ್ತಾನೆ. ಶಬ್ದಕ್ಕೆ ಬಣ್ಣ ಹೇಗೆ ಎಂದು ಕೇಳುವವರಿಗೆ ಉತ್ತರ ಮೇಲಿನ ಸೂತ್ರದಲ್ಲೇ ಇದೆ. ಪುದ್ಗಲವೆಂದ ಮೇಲೆ ಸ್ಪರ್ಶ, ರಸ, ಗಂಧ, ವರ್ಣ ಇರಲೇಬೇಕು.

ಇದಕ್ಕೆಲ್ಲ ಮೇಲೆ ತೀರ್ಥಂಕರರ ದಿವ್ಯಧ್ವನಿ. ತುಟಿ, ಹಲ್ಲು, ಕಂಠ ಅಲುಗದೆ ಹೊರಡುವ ಆ ಧ್ವನಿ 18 ಮಹಾಭಾಷೆ, 700 ಕ್ಷುಲ್ಲಕ ಭಾಷೆಗಳಾಗಿ ಕೇಳುವವರಿಗೆ ತಿಳಿಯುತ್ತದೆ ಎಂದು ತಿಲೋಯಪಣ್ಣತ್ತಿ ಹೇಳುತ್ತದೆ.

ಮೂರು ಬಗೆಯ ಪದ, 64 ಅಕ್ಷರ

ಪದ ಎಂದರೆ ಅರ್ಥವಿರುವ ಅಕ್ಷರಗಳ ಗುಂಪು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆಗಮದಲ್ಲಿ ಪದ ಮೂರು ವಿಧ. ಎಷ್ಟು ಅಕ್ಷರಗಳಿಂದ ಒಂದು ಅರ್ಥ ತಿಳಿಯುತ್ತದೋ ಅದು ಅರ್ಥಪದ. ಶ್ಲೋಕದ ಒಂದು ಪಾದಕ್ಕೆ 8 ಅಕ್ಷರ ಎಂಬಂತೆ ಸಂಖ್ಯೆ ಗೊತ್ತುಮಾಡಿದ್ದು ಪ್ರಮಾಣಪದ. ಮೂರನೆಯದು ಮಧ್ಯಮಪದ. ದ್ವಾದಶಾಂಗ ಶ್ರುತವನ್ನು ಅಳೆಯುವುದು ಇದರಿಂದ. ಇದರ ಅಕ್ಷರ ಸಂಖ್ಯೆ 16348307888, ಅಂದರೆ 1634 ಕೋಟಿ 83 ಲಕ್ಷ 7 ಸಾವಿರದ 888. ಕೊನೆಯ ಎರಡು ವಿಧಗಳಲ್ಲಿ ಅರ್ಥದ ಮಾತೇ ಇಲ್ಲ, ಎಣಿಕೆ ಮಾತ್ರ. ಅಕ್ಕಿಯನ್ನು ಸೇರಿನಲ್ಲಿ ಅಳೆದ ಹಾಗೆ.

ಈ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ಗೊಮ್ಮಟಸಾರದ ಜೀವಕಾಂಡ ತಿಳಿಸುತ್ತದೆ. ಅದನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೇ ಶತಮಾನದವರು, ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು. ಅದಕ್ಕೆ 1359ರಲ್ಲಿ ಕೇಶವವರ್ಣಿಗಳು ಕನ್ನಡದಲ್ಲೇ ವೃತ್ತಿ ಬರೆದಿದ್ದಾರೆ. ಅದರಂತೆ ಮೂಲ ಅಕ್ಷರಗಳು 64.

ಸ್ವರ 27: ಅ, ಇ, ಉ, ಋ, ಌ, ಎ, ಐ, ಒ, ಔ ಎಂಬ ಒಂಬತ್ತಕ್ಕೆ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಮೂರು.
ವ್ಯಂಜನ 33.
ಯೋಗವಾಹ 4: ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯ.

ಈ 64ನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ, ಕೊನೆಗೆ 64ನ್ನೂ ಒಟ್ಟಿಗೆ ಸೇರಿಸುತ್ತ ಹೋದರೆ ಎಷ್ಟು ಸಂಯೋಗಗಳಾಗುತ್ತವೆ? ಚಿಕ್ಕ ಉದಾಹರಣೆ ನೋಡೋಣ. ಅ, ಇ, ಉ ಎಂಬ ಮೂರೇ ಅಕ್ಷರಗಳಿದ್ದರೆ ಬಿಡಿಯಾಗಿ 3, ಜೋಡಿಯಾಗಿ 3, ಮೂರೂ ಸೇರಿ 1, ಒಟ್ಟು 7. ಮೂರು ಸಲ ಎರಡನ್ನಿಟ್ಟು ಗುಣಿಸಿದರೆ 8, ಒಂದು ಕಳೆದರೆ 7. ಅದೇ ರೀತಿ 64 ಸಲ ಎರಡನ್ನಿಟ್ಟು ಗುಣಿಸಿ ಒಂದು ಕಳೆಯಿರಿ ಎನ್ನುತ್ತದೆ ಗೊಮ್ಮಟಸಾರ. ಬರುವ ಸಂಖ್ಯೆ 18446744073709551615. ಇಪ್ಪತ್ತು ಅಂಕಿಗಳನ್ನೂ ಗಾಥೆಯಲ್ಲಿ ಒಂದೊಂದಾಗಿ ಕೊಟ್ಟಿದ್ದಾರೆ. ಚದುರಂಗದ ಮಣೆಯ ಮೇಲೆ ಮನೆಗೊಮ್ಮೆ ಕಾಳನ್ನು ಇಮ್ಮಡಿ ಮಾಡುವ ಕಥೆಯಲ್ಲಿ ಬರುವ ಒಟ್ಟು ಸಂಖ್ಯೆಯೂ ಇದೇ.

ಇದನ್ನು ಮಧ್ಯಮಪದದ ಅಕ್ಷರ ಸಂಖ್ಯೆಯಿಂದ ಭಾಗಿಸಿದರೆ 1128358005 ಪದಗಳು ಬರುತ್ತವೆ. ಇವು ದ್ವಾದಶಾಂಗದ ಪದಗಳು. ಉಳಿಯುವ ಶೇಷ 80108175 ಅಕ್ಷರಗಳು, ಇವು ಅಂಗಬಾಹ್ಯ ಶ್ರುತದ್ದು. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಇಷ್ಟು ಅಂಕಿ ಹಿಡಿಯುವುದಿಲ್ಲ. ಕಾಗದದ ಮೇಲೆ ಗುಣಿಸಿ, ಶೇಷ ಕೂಡಿಸಿ ತಾಳೆ ನೋಡಿದೆ. ಒಂದಂಕಿಯೂ ಹೆಚ್ಚು ಕಡಿಮೆ ಇಲ್ಲ. ಸಾವಿರ ವರ್ಷದಿಂದ ಕೈಬರಹದಲ್ಲಿ ಬಂದ ಲೆಕ್ಕ ಪೈಸೆಗೆ ಪೈಸೆ ಸರಿಯಿದೆ.

ಅಕ್ಷರವೇ ಅಂಕಿ

ಆದಿನಾಥ ಸ್ವಾಮಿಯು ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದ ಕಥೆ ಎಲ್ಲ ಜೈನ ಮನೆಗಳಿಗೂ ಗೊತ್ತು. ಅಕ್ಷರ ಮತ್ತು ಅಂಕೆ ಅಕ್ಕ ತಂಗಿಯರು. ಒಬ್ಬಳ ಕೆಲಸವನ್ನು ಇನ್ನೊಬ್ಬಳು ಮಾಡುವುದೂ ಉಂಟು. ಕಟಪಯಾದಿ ಪದ್ಧತಿ ಅಂಥದ್ದು. ಕ ದಿಂದ ಝ ವರೆಗೆ 1ರಿಂದ 9, ಟ ದಿಂದ ಧ ವರೆಗೆ 1ರಿಂದ 9, ಪ ದಿಂದ ಮ ವರೆಗೆ 1ರಿಂದ 5, ಯ ದಿಂದ ಹ ವರೆಗೆ (ಯ ರ ಲ ವ ಶ ಷ ಸ ಹ) 1ರಿಂದ 8. ಞ, ನ ಮತ್ತು ಒಂಟಿ ಸ್ವರಗಳಿಗೆ ಸೊನ್ನೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಬೇಕು.

ಗೊಮ್ಮಟಸಾರದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೀಗೆ ಅಕ್ಷರಗಳಲ್ಲೇ ಕೊಟ್ಟಿದ್ದಾರೆ. 29 ಅಕ್ಷರ, 29 ಅಂಕಿ: 79228162514264337593543950336. ಎರಡನ್ನು 96 ಸಲ ಇಟ್ಟು ಗುಣಿಸಿದರೆ ಬರುವುದೂ ಇದೇ. ಆ ಗಾಥೆಯ ನಡುವೆ "ವಿಮಲ", "ಚೋರಭಯ", "ಮೇರು" ಎಂಬ ಶಬ್ದಗಳು ಕಾಣುತ್ತವೆ. ಅಲ್ಲಿ ಕಳ್ಳರ ಭಯವೂ ಇಲ್ಲ, ಮೇರು ಪರ್ವತವೂ ಇಲ್ಲ. ಚೋ 6, ರ 2, ಭ 4, ಯ 1, ಮೇ 5, ರು 2. ತಿರುಗಿಸಿ ಬರೆದರೆ 251426. ಮೇಲಿನ ಸಂಖ್ಯೆಯ ನಡುವೆ ಅದು ಹಾಗೆಯೇ ಸಿಗುತ್ತದೆ, ನೋಡಿಕೊಳ್ಳಿ. ಅರ್ಥ ಹುಡುಕಿಕೊಂಡು ಹೊರಟವನು ಇಲ್ಲಿ ದಾರಿ ತಪ್ಪುತ್ತಾನೆ.

ವ್ಯಾಪಾರಸ್ಥರಿಗೆ ಇದು ಹೊಸದೇನಲ್ಲ. ಜವಳಿ ಅಂಗಡಿಗಳಲ್ಲಿ ಅಸಲು ದರವನ್ನು ಚೀಟಿಯ ಮೇಲೆ ಅಕ್ಷರದಲ್ಲಿ ಬರೆಯುವ ರೂಢಿಯಿತ್ತು. ಹತ್ತು ಬೇರೆ ಬೇರೆ ಅಕ್ಷರಗಳಿರುವ ಒಂದು ಮಾತನ್ನು ಮನೆಯವರು ಗೊತ್ತುಮಾಡಿಕೊಂಡರೆ 1ರಿಂದ 0 ವರೆಗೆ ಆಯಿತು. ಗಿರಾಕಿ ಚೀಟಿ ಓದುತ್ತಾನೆ, ಏನೂ ತಿಳಿಯುವುದಿಲ್ಲ. ನಮ್ಮ ತಂದೆಯವರ ಮಾತು ನನಗೆ ನೆನಪಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ!

ಕುಮುದೇಂದು ಮುನಿಯ ಹೆಸರಿನಲ್ಲಿರುವ ಸಿರಿಭೂವಲಯವನ್ನೂ ಇಲ್ಲಿ ನೆನೆಯಬೇಕು. ಅದರಲ್ಲಿ ಅಕ್ಷರವೇ ಇಲ್ಲ. 27 ಅಡ್ಡ, 27 ಉದ್ದ ಮನೆಗಳ ಚಕ್ರಗಳಲ್ಲಿ 1ರಿಂದ 64ರ ವರೆಗಿನ ಅಂಕಿಗಳು ಮಾತ್ರ. ಯಲ್ಲಪ್ಪ ಶಾಸ್ತ್ರಿ ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅದರ ಭಾಗ ಅಚ್ಚಾಯಿತು. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ 64 ಎಂಬ ಎಣಿಕೆ ಎಲ್ಲಿಯದು ಎಂಬುದು ಮೇಲಿನ ವಿವರದಿಂದ ತಿಳಿಯುತ್ತದೆ.

ಮಹಾಮಂತ್ರ: 35ರಿಂದ 1ರ ವರೆಗೆ

ಣಮೋಕಾರ ಮಂತ್ರದ ಐದು ಪದಗಳಲ್ಲಿ ಕ್ರಮವಾಗಿ 7, 5, 7, 7, 9 ಅಕ್ಷರ, ಒಟ್ಟು 35. ಎಣಿಸುವಾಗ ಒತ್ತಕ್ಷರವನ್ನೂ ಸೊನ್ನೆಯನ್ನೂ ಬೇರೆ ಹಿಡಿಯಬಾರದು. "ಸಿದ್ಧಾಣಂ" ಎಂದರೆ ಸಿ, ದ್ಧಾ, ಣಂ, ಮೂರೇ.

ನೇಮಿಚಂದ್ರ ಮುನಿಗಳ ದ್ರವ್ಯಸಂಗ್ರಹದಲ್ಲಿ ಪರಮೇಷ್ಠಿಗಳ ಜಪಕ್ಕೆ 35, 16, 6, 5, 4, 2, 1 ಅಕ್ಷರದ ಮಂತ್ರಗಳನ್ನು ಹೇಳಿದೆ. ಐದು ಪರಮೇಷ್ಠಿಗಳ ಹೆಸರು ಮಾತ್ರ ಸೇರಿಸಿದರೆ 16. "ಅರಹಂತ ಸಿದ್ಧ" 6. "ಅಸಿಆಉಸಾ" 5. "ಅರಹಂತ" 4. "ಸಿದ್ಧ" 2. "ಓಂ" 1.

"ಅಸಿಆಉಸಾ" ಎಂಬ ಮಾತನ್ನು ಯಾವ ನಿಘಂಟಿನಲ್ಲೂ ಹುಡುಕಬೇಡಿ. ಅರಹಂತರ ಅ, ಸಿದ್ಧರ ಸಿ, ಆಚಾರ್ಯರ ಆ, ಉಪಾಧ್ಯಾಯರ ಉ, ಸಾಧುಗಳ ಸಾ. ಓಂ ಕೂಡ ಹೀಗೆಯೇ. ಅರಹಂತರ ಅ, ಅಶರೀರರಾದ ಸಿದ್ಧರ ಅ, ಆಚಾರ್ಯರ ಆ ಸಂಧಿಯಾಗಿ ಆ. ಅದಕ್ಕೆ ಉಪಾಧ್ಯಾಯರ ಉ ಸೇರಿ ಓ. ಮುನಿಗಳ ಮ್ ಸೇರಿ ಓಂ. ಅಕ್ಷರ ಕಡಿಮೆಯಾಗುತ್ತ ಹೋದರೂ ಐವರಲ್ಲಿ ಒಬ್ಬರೂ ಬಿಟ್ಟುಹೋಗಲಿಲ್ಲ.

ಒಂದಕ್ಷರ ಹೆಚ್ಚು, ಒಂದಕ್ಷರ ಕಡಿಮೆ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮಲ್ಲಿದ್ದ ಶ್ರುತಜ್ಞಾನ ನಷ್ಟವಾಗಬಾರದೆಂದು ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಪಾಠ ಹೇಳುವ ಮೊದಲು ಪರೀಕ್ಷೆ. ಇಬ್ಬರಿಗೂ ಒಂದೊಂದು ವಿದ್ಯೆ ಕೊಟ್ಟು, ಎರಡು ದಿನ ಉಪವಾಸವಿದ್ದು ಸಾಧಿಸಿರಿ ಎಂದರು. ಒಂದು ಮಂತ್ರದಲ್ಲಿ ಅಕ್ಷರ ಹೆಚ್ಚಿಗೆ ಇತ್ತು, ಇನ್ನೊಂದರಲ್ಲಿ ಕಡಿಮೆ ಇತ್ತು. ಸಾಧಿಸಿದಾಗ ಒಬ್ಬರಿಗೆ ಹಲ್ಲು ಮುಂದೆ ಚಾಚಿದ ದೇವತೆ ಕಂಡಳು, ಇನ್ನೊಬ್ಬರಿಗೆ ಒಂದು ಕಣ್ಣಿನ ದೇವತೆ. ದೇವತೆಗಳು ವಿಕಾರವಾಗಿರುವುದಿಲ್ಲವಲ್ಲ ಎಂದು ಯೋಚಿಸಿ, ಮಂತ್ರ ವ್ಯಾಕರಣದಂತೆ ಹೆಚ್ಚಿನದನ್ನು ತೆಗೆದು, ಕೊರತೆಯನ್ನು ತುಂಬಿ ಮತ್ತೆ ಜಪಿಸಿದರು. ದೇವತೆಗಳು ಸಹಜ ರೂಪದಲ್ಲಿ ಕಾಣಿಸಿದರು. ಇವರೇ ಪಾಠಕ್ಕೆ ಯೋಗ್ಯರು ಎಂದು ಆಚಾರ್ಯರು ನಿಶ್ಚಯಿಸಿದರು. ಈ ವೃತ್ತಾಂತ ಧವಲಾ ಟೀಕೆಯಲ್ಲಿದೆ.

ಆ ಇಬ್ಬರು ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು, ಷಟ್ಖಂಡಾಗಮದ ಕರ್ತೃಗಳು. ಪಾಠ ಮುಗಿದ ಮೇಲೆ ಪುಷ್ಪದಂತರು ವನವಾಸ ದೇಶಕ್ಕೆ ಬಂದು, ಅಲ್ಲಿ ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿದರೆಂದು ಅದೇ ಟೀಕೆ ಹೇಳುತ್ತದೆ. ವನವಾಸವೆಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಸೀಮೆ. ಆ ಸೂತ್ರಗಳ ಆರಂಭದ ಮಂಗಲವೇ ಣಮೋಕಾರ ಮಂತ್ರ. ನಮ್ಮ ಜಿಲ್ಲೆಯವರಿಗೆ ಇದು ಹೆಮ್ಮೆಯ ವಿಷಯ, ಜವಾಬ್ದಾರಿಯೂ ಹೌದು.

ತಪ್ಪು ಹೇಳಿದ ಕಳ್ಳ

ಇದಕ್ಕೆ ಎದುರಾಗಿ ಅಂಜನ ಚೋರನ ಕಥೆಯಿದೆ. ಕೆಳಗೆ ನೆಟ್ಟ ಆಯುಧಗಳು, ಮೇಲೆ ಮರಕ್ಕೆ ಕಟ್ಟಿದ ಹಗ್ಗದ ಜೋಲಿ. ಮಂತ್ರ ಹೇಳುತ್ತ ಒಂದೊಂದೇ ಹಗ್ಗ ಕತ್ತರಿಸಿದರೆ ಆಕಾಶಗಾಮಿನಿ ವಿದ್ಯೆ ಸಿದ್ಧಿಸುತ್ತದೆ. ಮಂತ್ರ ಸರಿಯಾಗಿ ಗೊತ್ತಿದ್ದವನಿಗೆ ಧೈರ್ಯ ಬರಲಿಲ್ಲ. ಅಂಜನನಿಗೆ ಮಂತ್ರವೇ ಮರೆತುಹೋಯಿತು. "ಆಣಂ, ತಾಣಂ" ಎಂಬ ಧ್ವನಿ ಮಾತ್ರ ನೆನಪಿತ್ತು. ಹೇಳಿಕೊಟ್ಟ ಜಿನದತ್ತ ಶ್ರೇಷ್ಠಿ ಸುಳ್ಳಾಡುವವನಲ್ಲ ಎಂದು ನಂಬಿ ಎಲ್ಲ ಹಗ್ಗವನ್ನೂ ಒಂದೇ ಏಟಿಗೆ ಕಡಿದ. ವಿದ್ಯೆ ಸಿದ್ಧಿಸಿತು, ಮುಂದೆ ದೀಕ್ಷೆ ಪಡೆದು ಮುಕ್ತನಾದ.

ಹಾಗಾದರೆ ಯಾವುದು ಸರಿ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡೂ ಪಕ್ಕಪಕ್ಕದಲ್ಲಿವೆ. 19ನೇ ಶ್ಲೋಕದಲ್ಲಿ ನಿಃಶಂಕಿತ ಅಂಗಕ್ಕೆ ಅಂಜನ ಚೋರನನ್ನು ಉದಾಹರಣೆ ಕೊಡುತ್ತಾರೆ. 21ನೇ ಶ್ಲೋಕದಲ್ಲಿ, ಅಕ್ಷರ ಕಡಿಮೆಯಾದ ಮಂತ್ರ ವಿಷದ ನೋವನ್ನು ಕಳೆಯಲಾರದು, ಹಾಗೆಯೇ ಅಂಗಹೀನ ಸಮ್ಯಗ್ದರ್ಶನ ಜನ್ಮಪರಂಪರೆಯನ್ನು ಕಡಿಯಲಾರದು ಎನ್ನುತ್ತಾರೆ. ಅಂಜನನಿಗೆ ಅಕ್ಷರ ಬೇಡವೆನ್ನಿಸಿರಲಿಲ್ಲ, ನೆನಪಿಗೆ ಬರಲಿಲ್ಲ, ಅಷ್ಟೇ. ಪುಷ್ಪದಂತ ಭೂತಬಲಿಗಳಿಗೆ ತಿದ್ದುವ ಶಕ್ತಿಯಿತ್ತು, ಆದ್ದರಿಂದ ತಿದ್ದಲೇಬೇಕಿತ್ತು. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ.

ಸಮ್ಯಗ್ಜ್ಞಾನದ ಎಂಟು ಅಂಗಗಳು ಇದನ್ನೇ ಕ್ರಮಬದ್ಧವಾಗಿ ಹೇಳುತ್ತವೆ. ಮೊದಲನೆಯದು ಶಬ್ದಾಚಾರ, ಅಂದರೆ ಅಕ್ಷರ, ಮಾತ್ರೆ, ಪದಗಳನ್ನು ಶುದ್ಧವಾಗಿ ಉಚ್ಚರಿಸುವುದು. ಎರಡನೆಯದು ಅರ್ಥಾಚಾರ, ಅರ್ಥವನ್ನು ಸರಿಯಾಗಿ ತಿಳಿಯುವುದು. ಮೂರನೆಯದು ಉಭಯಾಚಾರ, ಎರಡನ್ನೂ ಒಟ್ಟಿಗೆ ಪಾಲಿಸುವುದು. ಉಳಿದವು ಕಾಲಾಚಾರ, ವಿನಯಾಚಾರ, ಉಪಧಾನಾಚಾರ, ಬಹುಮಾನಾಚಾರ, ಅನಿಹ್ನವಾಚಾರ. ಅಕ್ಷರ ಶುದ್ಧಿಗೆ ಅದರದ್ದೇ ಒಂದು ಸ್ಥಾನ, ಅರ್ಥ ಶುದ್ಧಿಗೆ ಅದರದ್ದೇ ಒಂದು ಸ್ಥಾನ. ಒಂದಿಲ್ಲವೆಂದು ಇನ್ನೊಂದನ್ನು ಬಿಡಬೇಕಾಗಿಲ್ಲ.

ಅಕ್ಷರ ಕಾಯ್ದವರು

ಭಟ್ಕಳ ತಾಲೂಕಿನ ಹಾಡುವಳ್ಳಿಗೆ ಸಂಗೀತಪುರವೆಂದು ಹೆಸರು. ಇಪ್ಪತ್ನಾಲ್ಕು ತೀರ್ಥಂಕರರ ಬಸದಿಗೆಂದು ಅನೇಕರು ಹೋಗಿಬರುತ್ತಾರೆ. ಆ ಮಠದ ಪರಂಪರೆಯ ಭಟ್ಟಾಕಳಂಕದೇವರು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಪೂರ್ಣಗೊಳಿಸಿದರು. ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ವ್ಯಾಕರಣ, ಜೊತೆಗೆ ವಿಸ್ತಾರವಾದ ವ್ಯಾಖ್ಯಾನ. ಬಿ.ಎಲ್. ರೈಸ್ ಅವರು 1890ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಸೋಂದೆಯ ಸ್ವಾದಿ ಮಠದ ಭಟ್ಟಾರಕರ ಪಟ್ಟನಾಮ ಇಂದಿಗೂ ಭಟ್ಟಾಕಳಂಕ ಎಂದೇ.

ಮೂಡುಬಿದಿರೆಯ ಉಪಕಾರ ಇನ್ನೂ ದೊಡ್ಡದು. ಷಟ್ಖಂಡಾಗಮದ ಧವಲಾ ಟೀಕೆಯ ತಾಡವೋಲೆಗಳು ಉಳಿದದ್ದು ಅಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. 1896ರ ಸುಮಾರಿಗೆ ನಕಲು ತೆಗೆಯುವ ಕೆಲಸ ಆರಂಭವಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಲ್ಲಿಯ ವರೆಗೆ ಶತಮಾನಗಳ ಕಾಲ ಓಲೆಗಳಿಗೆ ಹೆಚ್ಚಿನವರ ಮನೆಯಲ್ಲಿ ಸಿಕ್ಕಿದ್ದು ಪೂಜೆ, ಓದಲ್ಲ. ಆದರೂ ಅಕ್ಷರ ಉಳಿಯಿತು. ಅಕ್ಷರ ಉಳಿದದ್ದರಿಂದ ಅರ್ಥ ಮರಳಿ ಬಂತು. ಅಕ್ಷರವೇ ಹೋಗಿದ್ದರೆ ಅರ್ಥ ಬರಲು ದಾರಿಯೇ ಇರಲಿಲ್ಲ.

ಅಜ್ಜಿಗೆ ಅರ್ಥ ಗೊತ್ತಿಲ್ಲವಲ್ಲ ಎಂದು ಕೇಳಿದ ಹುಡುಗಿಗೆ ಇದೇ ನನ್ನ ಉತ್ತರ. ನಿಮ್ಮ ಅಜ್ಜಿ ಓಲೆ ಕಾಯ್ದವರ ಸಾಲಿಗೆ ಸೇರಿದವರು. ಅವರು ಅಕ್ಷರ ಕಾಯ್ದುಕೊಟ್ಟರು, ಅರ್ಥ ತಿಳಿಯುವುದು ನಿನ್ನ ಪಾಲಿನ ಕೆಲಸ.

ಮನೆಯಲ್ಲಿ ಗಮನಿಸಬೇಕಾದದ್ದು

ಮಕ್ಕಳಿಗೆ ಕಲಿಸುವಾಗ ಸಾಮಾನ್ಯವಾಗಿ ತಪ್ಪುವ ಸ್ಥಳಗಳು ಇವು.

1. ಣಮೋ ಎಂಬಲ್ಲಿ ನಾಲಿಗೆ ಮೇಲಕ್ಕೆ ಮಡಚಬೇಕು. ಖಾರವೇಲನ ಹಾಥಿಗುಂಫಾ ಶಾಸನದಲ್ಲಿ ನ ಕಾರವೇ ಇದೆ, ಆದ್ದರಿಂದ ನಮೋ ಎನ್ನುವವರನ್ನು ಹೀಗಳೆಯಬಾರದು. ಆದರೆ ಷಟ್ಖಂಡಾಗಮದ ಪಾಠ ಣಮೋ.
2. ಸಿದ್ಧಾಣಂ ಎಂಬಲ್ಲಿ ಮಹಾಪ್ರಾಣ ಬೇಕು. "ಸಿದ್ದಾಣಂ" ಅಲ್ಲ.
3. ಉವಜ್ಝಾಯಾಣಂ ಎಂಬಲ್ಲಿ ಒತ್ತು ಮತ್ತು ಮಹಾಪ್ರಾಣ ಎರಡೂ ಇವೆ. ಹೆಚ್ಚಿನವರು "ಉವಜಾಯಾಣಂ" ಎನ್ನುತ್ತಾರೆ.
4. ಲೋಏ ಎಂಬುದು ಎರಡು ಅಕ್ಷರ. "ಲೋಯೆ" ಎಂದು ಯ ಸೇರಿಸಬಾರದು.
5. ಸಾಹೂಣಂ ಎಂಬಲ್ಲಿ ಹೂ ದೀರ್ಘ.

ಬೆರಳ ಗೆಣ್ಣಿನಲ್ಲಿ 7, 5, 7, 7, 9 ಎಂದು ಎಣಿಸುತ್ತ ಹೇಳಿಸಿದರೆ ಮಕ್ಕಳಿಗೆ ಆಟದಂತೆ ಆಗುತ್ತದೆ, ತಪ್ಪಿದ ಅಕ್ಷರ ತಾನಾಗಿ ಸಿಕ್ಕಿಬೀಳುತ್ತದೆ. ಹಿರಿಯರನ್ನು ಮಾತ್ರ ನಾಲ್ಕು ಜನರೆದುರು ತಿದ್ದಬೇಡಿ. ನಮ್ಮ ಅಮ್ಮ ಕೊನೆಯ ವರೆಗೂ "ಉವಜಾಯಾಣಂ" ಎಂದೇ ಹೇಳುತ್ತಿದ್ದರು. ಕೊನೆಯ ದಿನಗಳಲ್ಲಿ ಅವರಿಗೆ ನಮ್ಮ ಗುರುತು ಹತ್ತುತ್ತಿರಲಿಲ್ಲ, ಮಾತೂ ನಿಂತಿತ್ತು. ಕಿವಿಯ ಬಳಿ ಮಂತ್ರ ಹೇಳಿದಾಗ ತುಟಿ ಅಲುಗುತ್ತಿತ್ತು. ಜೀವಂಧರ ಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಮಂತ್ರ ಹೇಳಿ, ಅದು ಯಕ್ಷನಾಗಿ ಹುಟ್ಟಿದ ಕಥೆಯನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದವರೂ ಅವರೇ. ನಾಯಿಗೆ ಪ್ರಾಕೃತ ಬರುತ್ತಿತ್ತೇ ಎಂದು ಆಗ ಕೇಳಿ ಬೈಸಿಕೊಂಡಿದ್ದೆ. ಅಮ್ಮನ ಹಾಸಿಗೆಯ ಪಕ್ಕ ಕೂತಾಗ ಆ ಪ್ರಶ್ನೆ ಉಳಿದಿರಲಿಲ್ಲ.

ಈ ಲೇಖನದಲ್ಲಿ ಅಕ್ಷರ, ಮಾತ್ರೆ, ಅಂಕಿ ಎಲ್ಲಿಯಾದರೂ ತಪ್ಪಿದ್ದರೆ ತಿಳಿದವರು ತಿದ್ದಬೇಕು, ಕ್ಷಮಿಸಬೇಕು.

ಜೈ ಜಿನೇಂದ್ರ.